ಅಪ್ಪನ ತಟ್ಟೆಗೆ ಕನ್ನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ನಿನ್ನ ಕಳ್ಳಿಯ ನಮಸ್ಕಾರ. ನೀನು ಮನೆ ಸೇರುವಷ್ಟರಲ್ಲಿ ಕಾಗದ ನಿನ್ನ ಕೈಲಿರುತ್ತದೆ ಎಂದವಳು ಇಷ್ಟು ತಡ ಮಾಡಿದೆ, ಬೈಯಬೇಡ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಿನ್ನ ಹೊಲಿಗೆ ಯಂತ್ರದ ಮಾತು ಕೇಳುತ್ತದೆಯೇ ಹೊರತು ನಿನ್ನದಲ್ಲ. "ಹೂಂ, ಹೂಂ, ಗಿರಾಕಿ ಬಂದ್ರು" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕನ್ನಡಕ ಹುಡುಕಿಕೊಂಡು ಪೂರ್ತಿ ಓದಲೇಬೇಕು.

ನಿನ್ನ ಮೊಮ್ಮಗಳು ಗುಂಡಿ ಮಲಗಿದ್ದಾಳೆ. ಅಂಗಿಯ ಗುಂಡಿಯಷ್ಟೇ ಇದ್ದಾಳೆ ಎಂದು ನೀನಿಟ್ಟ ಹೆಸರು ಈಗ ನಿನ್ನ ಅಳಿಯನ ಬಾಯಲ್ಲೂ ನಿಂತುಬಿಟ್ಟಿದೆ.

ನೀನು ಬಂದಾಗಿನ ನನ್ನ ಅವಸ್ಥೆ ನೋಡಿದೆಯಲ್ಲ. ನಿದ್ದೆಗೆಟ್ಟು, ಹಾಲಿಗೆ ಉಪ್ಪು ಹಾಕುವಷ್ಟು ಮಂಕಾಗಿದ್ದೆ. ಮಗು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಮುಂದಿನ ತಪಾಸಣೆಯೊಳಗೆ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು, ಮೂಗಿಗೆ ನಳಿಕೆ ಹಾಕಿ ಉಣಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಲ್ಲಿನ ನರ್ಸಮ್ಮ ಒಳ್ಳೆಯವರು. ನನ್ನ ಭುಜ ತಟ್ಟಿ, "ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ನಿಮ್ಮಮ್ಮ ನಿಮಗೆ ಹೇಗೆ ತಿನ್ನಿಸ್ತಿದ್ರೋ ಹಾಗೇ ತಿನ್ನಿಸಿ, ಸಾಕು" ಅಂದರು. ನಾನು ತಲೆಯಾಡಿಸಿ ಬಂದೆ. ಬಂದವಳೇ ಅಡುಗೆಮನೆಯ ತಕ್ಕಡಿ ಹೊರತೆಗೆದೆ. ತೂಗಿ ಬೇಯಿಸಿದೆ, ಅಳೆದು ಬಡಿಸಿದೆ. ಎತ್ತರದ ಕುರ್ಚಿಯಲ್ಲಿ ಕೂರಿಸಿ ತಟ್ಟೆ ಬಡಿದು ಕುಣಿದೆ. ನಿನ್ನ ಅಳಿಯ ಬೆಕ್ಕಿನ ಹಾಗೆ ಕೂಗಿದರು. ಪಕ್ಕದ ಮನೆಯ ಬೆಕ್ಕು ಬಂತೇ ಹೊರತು ಗುಂಡಿ ಬಾಯಿ ತೆರೆಯಲಿಲ್ಲ.

ನೀನು ಬಂದು ಚೀಲ ಇಟ್ಟೆ, ಕೈ ತೊಳೆದೆ, ತಟ್ಟೆ ಹಾಕಿಕೊಂಡು ನೆಲದ ಮೇಲೆ ಕೂತೆ. ಮೊಮ್ಮಗಳನ್ನು ಕುರ್ಚಿಯಿಂದ ಇಳಿಸಿ ಪಕ್ಕದಲ್ಲಿ ಬಿಟ್ಟು ಅವಳಿಗೆ ಬೆನ್ನು ಹಾಕಿದೆ! "ಇದು ನಂದು. ಯಾರಿಗೂ ಕೊಡಲ್ಲ" ಅಂದೆ. ನನಗೆ ಬಂದ ಸಿಟ್ಟು ಈಗ ಹೇಳಿದರೆ ತಪ್ಪಿಲ್ಲ: ಉಪವಾಸ ಇರುವ ಕೂಸಿನ ಮುಂದೆ ಇವನೊಬ್ಬ ಬಕಾಸುರ, ಅಂದುಕೊಂಡೆ.

ಆಗ ನಿನ್ನ ಮೊಣಕೈ ಕೆಳಗಿಂದ ಒಂದು ಪುಟ್ಟ ಕೈ ನುಸುಳಿತು.

ನೀನು ಮಾತ್ರ ಸೂರು ನೋಡುತ್ತಿದ್ದೆ. "ಏನಮ್ಮಾ ಇದು, ಮನೇಲಿ ಕಳ್ಳರು ಸೇರ್ಕೊಂಡಿದ್ದಾರಾ? ಇಲ್ಲಿದ್ದ ಆಲೂಗಡ್ಡೆ ಎಲ್ಲಿ ಹೋಯ್ತು?"

ಗುಂಡಿ ಕೆನ್ನೆ ಉಬ್ಬಿಸಿಕೊಂಡು ನಕ್ಕಳು. ಮತ್ತೆ ಕೈ ಹಾಕಿದಳು.

ಅಪ್ಪಾ, ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ನನ್ನ ಚಿಕ್ಕಂದಿನ ಅದೇ ಮಾತು, ಅದೇ ಸೂರು ನೋಡುವ ಕಣ್ಣು. ನಿನ್ನ ತಟ್ಟೆಗೆ ಕನ್ನ ಹಾಕುವುದರಲ್ಲಿ ನನ್ನಂಥ ಚತುರೆ ಇನ್ನೊಬ್ಬಳಿಲ್ಲ ಎಂದು ಇಷ್ಟು ವರ್ಷ ಬೀಗಿಕೊಂಡು ಬಂದವಳು ನಾನು! ಬಗ್ಗಿ ನೋಡಿದರೆ ನಿನ್ನ ಅನ್ನವೆಲ್ಲ ಖಾರದ ಕೆಂಪು, ಅವಳ ಕೈಗೆ ಸಿಗುವ ಮೂಲೆಯಲ್ಲಿ ಮಾತ್ರ ಮೆತ್ತಗೆ ಕಿವುಚಿದ ಆಲೂಗಡ್ಡೆ. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೊಂದು ಮಡಿಕೆ ಬಿಟ್ಟು ಹೊಲಿಯುತ್ತೀಯಲ್ಲ, ಹಾಗೆ.

"ಅಪ್ಪಾ, ಆವಾಗ್ಲೂ ಹೀಗೇನಾ?" ಎಂದು ಕೇಳಿದೆ.

"ಏನು ಹೀಗೆ? ಕಳುವಾದ ಮನೆಯವನನ್ನೇ ವಿಚಾರಣೆ ಮಾಡ್ತೀಯಲ್ಲೇ!" ಎಂದು ನೀನು ನೀರು ಕುಡಿದು ಎದ್ದೆ.

ಈಗ ಹೊಸ ಸುದ್ದಿ ಕೇಳು. ನೀನು ಹೋದ ಮೇಲೆ ನಾನೂ ನೆಲದ ಮೇಲೆ ಕೂತು ನಿನ್ನ ಮಾತನ್ನೇ ಗಿಣಿಯ ಹಾಗೆ ಒಪ್ಪಿಸಿದೆ. ಗುಂಡಿ ಹತ್ತಿರವೂ ಸುಳಿಯಲಿಲ್ಲ. ಅವಳನ್ನೇ ನೋಡುತ್ತ ಕೂತೆ. ನಿನ್ನ ಅಳಿಯ ನಕ್ಕರು. "ಕಾವಲಿನವನು ಕಣ್ಣು ಬಿಟ್ಕೊಂಡು ಕೂತಿದ್ರೆ ಯಾವ ಕಳ್ಳ ಬರ್ತಾನೆ ಮಾರಾಯ್ತಿ? ಮೊದಲು ನೀನು ಊಟ ಮಾಡು."

ನಿಜ ಅಪ್ಪಾ, ಆ ಮಗು ನಾನು ಉಂಡದ್ದನ್ನು ನೋಡಿಯೇ ಇರಲಿಲ್ಲ. ಅವಳಿಗೆ ಉಣಿಸಲು ಹೆಣಗಿ, ಆಮೇಲೆ ಒಲೆಯ ಹತ್ತಿರ ನಿಂತೇ ನುಂಗುತ್ತಿದ್ದೆ. ಅಂದು ಕೂತು ಉಂಡೆ. ಎಷ್ಟು ಹಸಿದಿದ್ದೆನೋ, ಅವಳನ್ನು ಮರೆತೇಬಿಟ್ಟೆ. ನೆನಪಾಗಿ ನೋಡುವಷ್ಟರಲ್ಲಿ ಮೂಲೆಯ ಆಲೂಗಡ್ಡೆ ಮಾಯ!

ನಿನ್ನೆ ತಪಾಸಣೆ ಇತ್ತು. ತೂಕ ಏರಿದೆ! ನಳಿಕೆಯ ಮಾತು ಬಿಟ್ಟುಬಿಡಿ ಅಂದರು ಡಾಕ್ಟರು. ಮನೆಗೆ ಬಂದು ಸಂಜೆಯ ದೀಪ ಕೂಡ ಹಚ್ಚದೆ ನಿದ್ದೆ ಹೋದೆ. ಇವತ್ತು ಬೆಳಿಗ್ಗೆ ಗುಂಡಿ ನನ್ನ ತಟ್ಟೆಯಿಂದ ಕದ್ದಳು, ಅರ್ಧ ತಿಂದಳು, ಯೋಚಿಸಿದಳು, ಉಳಿದರ್ಧವನ್ನು ನನ್ನ ಬಾಯಿಗೆ ತುರುಕಿದಳು. ಕದ್ದ ಮಾಲಿನಲ್ಲಿ ನನಗೂ ಪಾಲು!

ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ಸೂಜಿಗೆ ದಾರ ಪೋಣಿಸಲು ಯಾರನ್ನಾದರೂ ಕರೆ. ಮೊಮ್ಮಗಳಿಗೆ ನಿನ್ನ ಹಾರೈಕೆ ಇರಲಿ, ನನಗೂ ಸ್ವಲ್ಪ ಉಳಿಸು.

ಇಂತು ನಿನ್ನ,
ಹಳೇ ಕಳ್ಳಿ

ಮರೆತಿದ್ದೆ: ಆ ನರ್ಸಮ್ಮನ ಮಾತು ನನ್ನ ನಿದ್ದೆ ಕೆಡಿಸಿತ್ತು ಅಪ್ಪಾ. ಅಮ್ಮ ಹೋದಾಗ ನಾನು ಗುಂಡಿಯಷ್ಟೇ ಇದ್ದೆ. ಅವಳು ಉಣಿಸಿದ ಒಂದು ತುತ್ತಿನ ನೆನಪೂ ನನಗಿಲ್ಲ. ಯಾರ ಹಾಗೆ ತಿನ್ನಿಸಲಿ? ಅದಕ್ಕೇ ತಕ್ಕಡಿ ಹಿಡಿದದ್ದು. ಗುಂಡಿಯ ಮುಚ್ಚಿದ ಬಾಯಿ ಕಂಡು ಇಡೀ ಮನೆ ನಡುಗುತ್ತಿದ್ದಾಗ ನೀನೊಬ್ಬನೇ ಗಾಬರಿಯಾಗಲಿಲ್ಲ. ಅಂಥದೊಂದು ಬಾಯಿಯನ್ನು ನೀನು ಮೊದಲೇ ಕಂಡಿದ್ದೆ, ಅಲ್ಲವೇ? ನಿನ್ನೆ ನರ್ಸಮ್ಮ, "ನಿಮ್ಮಮ್ಮನ ಹಾಗೇ ತಿನ್ನಿಸಿದ್ರಾ?" ಎಂದು ಕೇಳಿದರು. "ಇಲ್ಲ, ನಾನು ಕದ್ದು ತಿಂದು ಬೆಳೆದವಳು" ಅಂದೆ. "ಬಾಗಿಲು ತೆರೆದಿಟ್ಟವರು ನಮ್ಮಪ್ಪ."