ಬಡ್ತಿ ಬೇಡವೆಂಬ ಅರ್ಜಿ

ಮಾನ್ಯ ಆಡಳಿತಾಧಿಕಾರಿಗಳೇ,

ಮೇಲಿನ ವೇತನ ಶ್ರೇಣಿಗೆ ನನಗೆ ಬಡ್ತಿ ಕೊಟ್ಟ ಆದೇಶ ಕೈಸೇರಿತು. ಸಂಬಳ ಏರುತ್ತದೆ, ಆದರೆ ವಾರ್ಡು ಬಿಟ್ಟು ಕಚೇರಿ ಸೇರಬೇಕಾಗುತ್ತದೆ. ಜೊತೆಗೆ ದೊಡ್ಡ ವಸತಿಗೃಹ, ಕುಟುಂಬಕ್ಕೆ ಪ್ರವಾಸ ಭತ್ಯೆ, ಅವಲಂಬಿತರಿಗೆ ಉಚಿತ ಚಿಕಿತ್ಸೆ. ಸೌಲಭ್ಯಗಳೆಲ್ಲ ಸೊಗಸಾಗಿವೆ, ಕುಟುಂಬವೊಂದೇ ಕೊರತೆ. ಅವಲಂಬಿತರೆಂದು ಇದ್ದದ್ದು ಅಮ್ಮ ಒಬ್ಬರೇ. ತೀರಿಕೊಂಡ ಅವರ ಚಿಕಿತ್ಸಾ ಕಾರ್ಡನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ.

ದಯವಿಟ್ಟು ನನ್ನನ್ನು ಹಳೆಯ ಶ್ರೇಣಿಯಲ್ಲೇ, ಹೆಂಗಸರ ವಾರ್ಡಿನಲ್ಲೇ ಉಳಿಸಿ. ಸಂಬಳ ವಿಭಾಗದ ಗುಮಾಸ್ತರು, "ಬಂದ ಬಡ್ತೀನ ಯಾರಾದ್ರೂ ಬಿಡ್ತಾರಾ ಸಿಸ್ಟರ್? ತಲೆ ನೆಟ್ಟಗಿದೆಯಾ?" ಎಂದರು. ಪ್ರಾಸ ಚೆನ್ನಾಗಿದೆ ಎಂದು ನಕ್ಕು ಬಂದುಬಿಟ್ಟೆ. ನಿಜವಾದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ, ನಾನು ಸೂಜಿ ಹಿಡಿದು ಹೋದರೂ, "ಊಟ ಆಯ್ತೇನಮ್ಮಾ?" ಎಂದೇ ಕೇಳುತ್ತಾರೆ. ಅವರು ಗುಣವಾಗಿ ಹೋದರೆ, ಆ ಹಾಸಿಗೆಗೆ ಬರುವವರೂ ಕೇಳುತ್ತಾರೆ. ಮನೆಯಲ್ಲಿ ಹಾಗೆ ಕೇಳುತ್ತಿದ್ದವರು ಅಮ್ಮ. ಕಚೇರಿಯ ಕಡತಗಳು ಕೇಳುವುದಿಲ್ಲ.

ಊಟ ಆಗಿರದಿದ್ದರೂ ನಾನು "ಆಯ್ತಜ್ಜಿ" ಎನ್ನುತ್ತೇನೆ. ಆ ಸುಳ್ಳನ್ನು ಮುಂದುವರಿಸಲು ಅನುಮತಿ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹೆಂಗಸರ ವಾರ್ಡಿನ ಸಿಸ್ಟರ್