ಇಂದಿರಾನಗರದಾಗ ಯಾರ ಜೋಡಿ ಉಂಡಿ

ಸುರಪುರ,
೨ ಮಾರ್ಚ್ ೨೦೨೫, ರವಿವಾರ

ಪ್ರೀತಿಯ ಮಸರತಗ,

ನಿನ್ನ ಮಲ್ಲಿ ಮಾಡೋ ಸಲಾಮು. ನಿನ್ನೆ ಸಂಜಿಗೆ ಚಂದ್ರ ಕಂಡಾನ, ಇವತ್ತ ಮದಲನೇ ರೋಜಾ, ಅಂಥಾದ್ರಾಗ ನಾ ಊಟದ ಮಾತ ಹಿಡಕೊಂಡ ಕುಂತೇನಿ. ಮಾಫ ಮಾಡು, ಇದನ್ನ ಇಫ್ತಾರ ಆದ ಮ್ಯಾಲೇ ಓದು. ನಾ ಬೆಂಗಳೂರಿಂದ ಬಂದು ಎರಡು ತಿಂಗಳಾಗಾಕ ಬಂತು, ಮುಟ್ಟೇನಿ ಅಂತ ಒಂದು ಮೆಸೇಜ ಬಿಟ್ಟರ ನಿನಗ ಏನೂ ಬರದಿಲ್ಲ. ಫೋನ ಮಾಡಬಹುದಿತ್ತಲ್ಲ ಅಂತೀದಿ. ಫೋನಿನ್ಯಾಗ ನಾ ಎಷ್ಟ ಸಿಟ್ಟಿಲೆ ಚಾಲೂ ಮಾಡಿದ್ರೂ ನೀ ನಗಸಿಬಿಡತೀದಿ, ಹೇಳೋದು ಹೊಟ್ಯಾಗೇ ಉಳೀತದ. ಅದಕ್ಕ ಈ ಕಾಗದ.

ಇಲ್ಲಿ ಎಲ್ಲಾರೂ ಆರಾಮ ಅದೀವಿ. ನಾ ದಿನಾ ಬಸ್ಸಿಗೆ ಕಕ್ಕೇರಾ ಸಾಲಿಗೆ ಹೋಗಿ ಬರತೇನಿ, ಐದನೇತ್ತಾ ಹುಡುಗರು ಇನ್ನೂ ಏಳರ ಮಗ್ಗಿ ತಪ್ಪತಾವ. ತಮ್ಮ ಬುದ್ಧಪ್ರಿಯಗ ಕೆಂಭಾವಿ ಕಾಲೇಜಿನ್ಯಾಗ ಕ್ಲಾರ್ಕ ನೌಕರಿ ಖಾಯಂ ಆತು. ನಿಮ್ಮ ಅಮ್ಮಾನ ಮಣಕಾಲ ಬ್ಯಾನಿ ಹಂಗೇ ಅದ. ಗುಳಿಗಿ ತೊಗೋ ಖಾಲಾ ಅಂದ್ರ, "ನುಂಗಿ ನುಂಗಿ ಹೊಟ್ಟಿ ದವಾಖಾನಿ ಆಗ್ಯದ, ನಡಿ" ಅಂತಾಳ.

ಹೋದ ರವಿವಾರ ಬುದ್ಧಪ್ರಿಯ ಪೇಪರಿನ ಪುರವಣಿ ಹಿಡಕೊಂಡು ಬಂದ. "ಅಕ್ಕಾ, ನಿನ್ನ ಗೆಳತಿ ಬರದಾಳ ನೋಡು, ಇಂದಿರಾನಗರದಾಗ ಎಲ್ಲಿ ಉಣಬೇಕಂತ. ಪೂರಾ ಒಂದು ಪೇಜು ಅದ." ನನಗ ಎಷ್ಟ ಖುಷಿ ಆತಂದ್ರ, ಕೈಯಾನ ರೊಟ್ಟಿ ಹಿಟ್ಟು ಸೈತ ತೊಳಕೊಳ್ಳಲಾರದ ಓದಾಕ ಕುಂತೆ. ಹನ್ನೆರಡನೇ ಮೇನ್ ರೋಡಿನ ಮಹಡಿ ಮ್ಯಾಲಿನ ಹೋಟೆಲು, ಕಾಫಿ ಅಂಗಡಿ, ಎಲ್ಲಾ ಛಲೋ ಬರದೀದಿ. ಆದರ ಆರು ಹೋಟೆಲಿಗೆ ಅಂಜನಾನ ಹೆಸರು ಒಂಬತ್ತು ಸಲ ಬಂದದ. ಎಣಿಸೇನಿ. ಅಂಜನಾ ಹೇಳಿದಳು, ಅಂಜನಾ ನಕ್ಕಳು, ಅಂಜನಾಗ ಖಾರ ಆಗಂಗಿಲ್ಲ. ಒಂದೇ ಆಫೀಸಿನ್ಯಾಗ ಇದ್ದೀರಿ, ಕೂಡಿ ಉಣತೀರಿ, ಬ್ಯಾಡ ಅನ್ನಾಕ ನಾ ಯಾರು? ಆದರ ಮೂರನೇ ನಂಬರಿನ ಬಿರಿಯಾನಿ ಹೋಟೆಲಿಗೆ ಬಂದಾಗ ಅದೇ ಸಾಲನ್ನ ಮೂರು ಸಲ ಓದಿದೆ.

ಏನ ಬರದೀದಿ ನೋಡು: "ಇಲ್ಲಿಗೆ ಒಬ್ಬರೇ ಹೋಗಬೇಡಿ. ನಾನೂ ಅಂಜನಾಳೂ ಯಾವಾಗಲೂ ಒಂದೇ ತಟ್ಟೆಯಲ್ಲಿ ತಿನ್ನುತ್ತೇವೆ. ಒಂದೇ ತಟ್ಟೆಯಲ್ಲಿ ಉಂಡವರ ಗೆಳೆತನ ಹಳಸುವುದಿಲ್ಲ ಎಂದು ನಮ್ಮೂರಲ್ಲಿ ಹೇಳುತ್ತಾರೆ."

ನಮ್ಮೂರಾಗ ಯಾರ ಹೇಳತಾರವ್ವಾ ಹಂಗ? ನಿಮ್ಮ ಅಮ್ಮಾ ಹೇಳತಾಳ. ಯಾರನ್ನ ನೋಡಿ ಹೇಳಿದ್ದಳು, ನೆನಪದನು? ನಾಲ್ಕನೇತ್ತಾ ಇದ್ದಾಗ ಈದಿನ ದಿನ ನೀ ನನ್ನ ಕೈ ಜಗ್ಗಿ ಕರಕೊಂಡು ಹೋಗಿದ್ದಿ. ಅಲ್ಲೀತನಾ ನಮ್ಮ ಓಣಿ ಹೊರಗ ಯಾರೂ ನನ್ನ ಪಂಕ್ತಿಗೆ ಕರದಿರಲಿಲ್ಲ. ಖಾಲಾ ಯಾರ ಮಗಳು ಅಂತ ಕೇಳಲಿಲ್ಲ, ಕೈ ತೊಳಕೊಂಡಿಯೇನು ಅಂತ ಅಷ್ಟ ಕೇಳಿದಳು. ಊಟಕ್ಕ ಹಾಸೋ ದಸ್ತರಖಾನದ ಬಟ್ಟಿ ಮ್ಯಾಲ ದೊಡ್ಡ ತಾಟು ಇಟ್ಟು ಇಬ್ಬರನ್ನೂ ಕುಂದ್ರಿಸಿ ಆ ಮಾತ ಅಂದಳು. ಅವತ್ತಿಂದ ಒಂದು ಈದೂ ನಾ ತಪ್ಪಿಸಿಲ್ಲ, ನಮ್ಮಪ್ಪ ತೀರಿಕೊಂಡ ವರ್ಷ ಸೈತ. ಆ ಮಾತನ್ನ ನೀ ಪೇಪರಿನ್ಯಾಗ ಅಂಜನಾನ ಹೆಸರಿಗೆ ಬರಕೊಟ್ಟಿ.

ಹೌದು, ಹೊಟ್ಟಿಕಿಚ್ಚೇ. ಬ್ಯಾರೆ ಹೆಸರು ಯಾಕ ಹುಡುಕಬೇಕು. ಮರುದಿನ ನಮ್ಮ ಸಾಲಿ ಮುನಾವರ ಟೀಚರನ ಎಳಕೊಂಡು ಸಾವಿತ್ರಿಬಾಯಿ ಖಾನಾವಳಿಗೆ ಹೋದೆ. ಒಂದೇ ತಾಟಿನ್ಯಾಗ ಉಣಬೇಕು, ಫೋಟೋ ತೆಗೀಬೇಕು ಅಂದೆ. "ಹುಚ್ಚ ಹಿಡದದನ್ರಿ ಮೇಡಂ ನಿಮಗ?" ಅಂದಳು ಪಾಪ, ಆದರೂ ಕುಂತಳು. ಸ್ಟೇಟಸ್ ಹಾಕಿದೆ. ನೋಡಿದವರ ಹೆಸರಿನ್ಯಾಗ ನಿನ್ನದು ಸಂಜಿ ಆರಕ್ಕ ಬಂತು. ಏನರ ಅಂತೀದೇನೋ ಅಂತ ಮೂರು ದಿನ ಕಾದೆ. ನಾಲ್ಕನೇ ದಿನಕ್ಕ ನಿನ್ನ ಮೆಸೇಜ ಬಂತು: "ಈದಿಗೆ ಅಂಜನಾನ ಕರಕೊಂಡು ಬರಾಕತ್ತೇನಿ. ಸುರಪುರದಾಗ ಎಲ್ಲಿ ಉಣಬೇಕು ಅಂತ ಮುಂದಿನ ಲೇಖನ. ಮಲ್ಲಿ, ನೀ ಒಂದು ಯಾದಿ ಮಾಡಿ ಕಳಸು."

ತೊಗೋ ಯಾದಿ. ಬಸ್‌ಸ್ಟ್ಯಾಂಡಿನ ಎದರಿಗೆ ಮಿರ್ಚಿ ಭಜಿ ಬಂಡಿ, ಸಂಜಿ ಐದರ ಮ್ಯಾಲ. ಅದಕಿಂತ ಮದಲ ಹೋದ್ರ ಮುಂಜಾನಿದು ಕೊಡತಾನ. ಸಾವಿತ್ರಿಬಾಯಿ ಕಡೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮತ್ತ ಬೇಕಂದ್ರ ಉಪ್ಪು ಸೈತ ಕೊಡತಾಳ, ಬಾಯಿ ಮಾಡಿದ್ರ ನೀರೂ ಕೊಡಂಗಿಲ್ಲ. ಮುಜಫರನ ಹೋಟೆಲಿನ್ಯಾಗ ದಾಲ್ಚಾ, ಶುಕ್ರವಾರ ಅಷ್ಟ. ಶಹಾಪುರದಿಂದ ಬರೋದಾದ್ರ ಅಲ್ಲೇ ಸ್ಟ್ಯಾಂಡಿನ್ಯಾಗ ಚುರಮರಿ ಸುಸಲಾ ತಿಂದು ಬರ್ರಿ, ಅಂಜನಾಗ ಖಾರ ಬಿಟ್ಟು ಕಲಸು ಅಂತ ಹೇಳು.

ನಿಮ್ಮ ಮನಿ ಹೆಸರು ಮಾತ್ರ ನಾ ಬರಿಯಂಗಿಲ್ಲ. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು? ಅಂಜನಾ ಬರತಾಳ, ಖಾಲಾ ಊಟಕ್ಕ ಕುಂದ್ರಸತಾಳ. ನಿನ್ನೆ ಖಾಲಾ ಪಡಸಾಲ್ಯಾಗ ಶ್ಯಾವಿಗಿ ಒಣಾ ಹಾಕಾಕತ್ತಿದ್ದಳು. "ಏ ಮಲ್ಲಿ, ಈ ಸಲ ಮೂರು ಮಂದಿ ಆಗತೀರಿ. ತಾಟು ಇದೇ ಸಾಕೋ, ಇನ್ನೊಂದು ಇಡಲೋ?" ಅಂದಳು. ಮಸರತನ ಕೇಳು ಖಾಲಾ ಅಂದೆ. ಆಕಿ ನನ್ನ ಮಾರಿ ನೋಡಿ, ಈದಿನ ಸುರಕುಂಬಾ ಪಾಯಸಕ್ಕ ಉತ್ತತ್ತಿ ಈಗಿಂದೀಗ ತಂದಿಡು ಅಂತ ಕೆಲಸ ಹಚ್ಚಿದಳು.

ರೋಜಾ ಹಿಡದಾಗ ಬಿಸಲಾಗ ತಿರಗಬ್ಯಾಡ. ನಸಕಿನ ಸಹರಿ ಊಟಕ್ಕ ಬರೇ ಚಾ ಕುಡದು ಮಲಕೋಬ್ಯಾಡ, ನಿನ್ನ ಪಿತ್ತ ನನಗ ಗೊತ್ತದ. ಅಲ್ಲಾಹು ನಿನ್ನ ಕಾಯಲಿ, ಬುದ್ಧನ ಕರುಣಾ ನಿನ್ನ ಮ್ಯಾಲ ಇರಲಿ.

ನಿನ್ನಾಕಿ,
ಮಲ್ಲೇಶ್ವರಿ

ತಾ. ಕ.: ಲಕೋಟಿ ಅಂಟಿಸಿ ಮತ್ತ ಬಿಚ್ಚೇನಿ. ಜನವರಿಯಾಗ ನಾ ಟ್ರೇನಿಂಗಿಗೆ ಬಂದಾಗ ಆ ಮೂರನೇ ನಂಬರಿನ ಹೋಟೆಲಿಗೇ ನೀ ನನ್ನ ಕರಕೊಂಡು ಹೋಗಿದ್ದಿ, ಅಂಜನಾನೂ ಇದ್ದಳು. ಬಿರಿಯಾನಿ ಬಂತು, ನಾ ಯಾವಾಗಿನಂಗ ನಿನ್ನ ತಾಟಿಗೆ ಕೈ ಹಾಕಿದೆ. ಅಂಜನಾ ನನ್ನ ಕೈ ನೋಡಿದಳು. ನೀ ನಕ್ಕೋತ, "ಇದು ನೀನೇ ಉಣ್ಣು ಮಲ್ಲಿ" ಅಂದು ತಾಟು ಪೂರಾ ನನ್ನ ಕಡೆ ಸರಿಸಿದಿ, ನಿನಗ ಬ್ಯಾರೆ ತರಿಸಿಕೊಂಡಿ. ನಾ ಹಸದೇನಿ ಅಂತ ಸರಿಸಿರಬೇಕು ಅಂತ ರೈಲಿನ್ಯಾಗ ಯಾದಗಿರಿ ಬರೂತನಾ ನನಗ ನಾನೇ ಹೇಳಿಕೊಂಡೆ, ನಂಬಿದೆ ಸೈತ. ಆಮ್ಯಾಲ ಪೇಪರ ಓದಿದೆ. ತಾಟು ಸರಿಸೋ ಮಂದಿನ ನಾ ಸಣ್ಣಾಕಿದ್ದಾಗಿಂದ ನೋಡೇನಿ, ನಮ್ಮ ಓಣ್ಯಾಗ ಹುಟ್ಟಿದವರಿಗೆ ಅದೇನು ಹೊಸಾದಲ್ಲ. ಅವರಿಗೆ ಯಾಕ ಅಂತ ಒಂದು ದಿನಾನೂ ನಾ ಕೇಳಿಲ್ಲ. ನಿನಗ ಕೇಳಾಕತ್ತೇನಿ. ಈದಿಗಿಂತ ಮದಲ ಬರದು ತಿಳಸು, ನಾ ಬರಲೋ ಬ್ಯಾಡೋ ಅಂತ ಖಾಲಾಗ ಹೇಳಬೇಕು.