ನೀರಿಗಿಳಿಯದ ಕಪ್ಪೆ

ಮಾರ್ಚ್ 26, ಬುಧವಾರ

ಕಪ್ಪೆಗೆ ನೊಣ ಹಾಕಿದೆ. ರೆಕ್ಕೆಯಿಲ್ಲದ ನೊಣ, ಅಂಗಡಿಯಿಂದ ಡಬ್ಬದಲ್ಲಿ ಬರುತ್ತದೆ. ತಟ್ಟಿದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಉದುರುತ್ತದೆ. ಎರಡು ಕಪ್ಪೆಯೂ ಎಲೆಯಡಿಯಿಂದ ಹೊರಗೆ ಬರಲಿಲ್ಲ. ಆಫ್ರಿಕಾದ ಕಾಡಿನವಂತೆ, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡವು. ಕೊಳ ಬೇಡ, ಕೆರೆ ಬೇಡ — ಒದ್ದೆ ಎಲೆಯ ಕೆಳಗೇ ಸಂಸಾರ.

ಮಗಳು ಸಂಯುಕ್ತಾಳವು. ಅವಳಮ್ಮನ ಲಾಸ್ ಗ್ಯಾಟೋಸ್ ಅಪಾರ್ಟ್‌ಮೆಂಟಿನಲ್ಲಿ ಪ್ರಾಣಿ ಸಾಕುವಂತಿಲ್ಲ. ಅದಕ್ಕೆ ಇಲ್ಲಿ, ಫಾಸ್ಟರ್ ಸಿಟಿಯ ನನ್ನ ಮನೆಯಲ್ಲಿ. ಡೈವೋರ್ಸಿನಲ್ಲಿ ನನ್ನ ಪಾಲಿಗೆ ಬಂದದ್ದು — ಎರಡು ವಾರಕ್ಕೊಮ್ಮೆ ಮಗಳು, ದಿನಾ ಕಪ್ಪೆ.

ಸಂಜೆ ಗಂಡು ಕೂಗಿತು. ಎಣ್ಣೆ ಕಾಣದ ಬಾಗಿಲಿನ ಸದ್ದು. ಇವತ್ತು ಈ ಮನೆಯಲ್ಲಿ ಕೇಳಿದ ದನಿ ಅದೊಂದೇ.

ಮಾರ್ಚ್ 28, ಶುಕ್ರವಾರ

ಭಾನುವಾರ ಯುಗಾದಿ. ಬರುತ್ತೇನೆಂದಿದ್ದಾಳೆ! ಹದಿಮೂರಾಯಿತು. ಈಚೆಗೆ ಪ್ರತಿ ಸಲ ಏನಾದರೊಂದು — ಸಾಕರ್, ಗೆಳತಿಯ ಮನೆಯಲ್ಲಿ ಸ್ಲೀಪೋವರ್. ಇನ್ನು ಬರುವುದು ಬಿಡುವುದು ಅವಳಿಷ್ಟ ಎಂದು ಅವಳಮ್ಮ ಮೈಥಿಲಿ ಹೇಳಿಬಿಟ್ಟಿದ್ದಾಳೆ. ಈ ಸಲ ಮನಸ್ಸು ಮುರಿದರೆ ಮುಗಿಯಿತು.

ರಜ ಹಾಕಿ ಕ್ಲೀನಿಂಗು. ಅಮ್ಮ ಮೈಸೂರಿನಲ್ಲಿ ಮಾಡುತ್ತಿದ್ದಂತೆ — ಫ್ಯಾನು, ದೇವರ ಗೂಡು, ಡಬ್ಬಗಳ ತಳ. ಕಡೆಗೆ ಕಪ್ಪೆಯ ಗಾಜಿನ ಟ್ಯಾಂಕು. ಹಬ್ಬದ ಮನೆಯಲ್ಲಿ ಕೊಳೆತ ಎಲೆಯೇ? ಮಣ್ಣು ಸಮೇತ ಬಾಚಿ ಕೆಳಗಿನ ಹಸಿಕಸದ ಗ್ರೀನ್ ಬಿನ್ನಿಗೆ ಸುರಿದೆ. ತೊಳೆದ ಬೆಣಚುಕಲ್ಲು, ಒಂದು ಬಟ್ಟಲು ನೀರು. ಫಳಫಳ. ನನಗೇ ಹೆಮ್ಮೆ.

ಮಾರ್ಚ್ 30, ಯುಗಾದಿ

ಬಂದಳು. ಶೂ ಬಿಚ್ಚುವ ಮೊದಲೇ ಟ್ಯಾಂಕಿನ ಹತ್ತಿರ.

"ಅಪ್ಪ, ವೇರ್ ಆರ್ ದ ಲೀವ್ಸ್?"

"ಹಬ್ಬ ಅಲ್ವೇನೇ ಪುಟ್ಟಿ, ಎಲ್ಲಾ ತೊಳೆದುಬಿಟ್ಟೆ. ಹೆಂಗಿದೆ?"

"ದೇರ್ ವರ್ ಎಗ್ಸ್!"

"ಹೋಗೇ, ಕಪ್ಪೆ ನೀರಲ್ಲಿ ತಾನೇ ಮೊಟ್ಟೆ ಇಡೋದು..."

"ನಾಟ್ ದೀಸ್! ಮಣ್ಣಲ್ಲಿ ಇಡತ್ತೆ. ಮರಿ ಡೈರೆಕ್ಟಾಗಿ ಕಪ್ಪೆಯಾಗೇ ಬರತ್ತೆ. ಐ ಟೋಲ್ಡ್ ಯು. ಯು ನೆವರ್ ಲಿಸನ್!"

ಹೋದ ಸಲ ಬಂದಾಗ ಎಲೆಯಡಿ ನೋಡಿ ಹೇಳಿದ್ದಳು. ನಾನು ಫೋನ್ ನೋಡುತ್ತ ಹೂಂಗುಟ್ಟಿದ್ದೆ.

ಕೆಳಗೆ ಓಡಿದೆ. ನಿನ್ನೆಯೇ ಕಸದ ಟ್ರಕ್ಕು ಬಂದು ಹೋಗಿದೆ. ಬಿನ್ನು ಖಾಲಿ. ಮೇಲೆ ಬಂದರೆ ಅಳುತ್ತ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಬೇವು-ಬೆಲ್ಲ ಕೂಡ ಬಾಯಿಗೆ ಹಾಕದೆ ಹೊರಟುಹೋದಳು. ಛೆ, ಎಂಥ ಕೆಲಸ ಮಾಡಿಬಿಟ್ಟೆ! ಒಬ್ಬಟ್ಟು ಮಾಡಿದ್ದು ಹಾಗೇ ಇದೆ.

ಏಪ್ರಿಲ್ 12, ಶನಿವಾರ

"ನಾಟ್ ದಿಸ್ ವೀಕೆಂಡ್" ಅಂತ ಮೆಸೇಜು.

ಲಾಸ್ ಗ್ಯಾಟೋಸ್ ಬೆಟ್ಟದ ಬುಡಕ್ಕೆ ಹೋಗಿ ಚೀಲದ ತುಂಬ ಓಕ್ ಎಲೆ ತಂದೆ. ಅವಳ ಮನೆ ಅಲ್ಲೇ ಹತ್ತಿರ. ಹೋಗಲಿಲ್ಲ, ಮುಖ ಇರಲಿಲ್ಲ. ಎಲೆ ಕುದಿಸಿ, ಆರಿಸಿ, ಹೊಸ ಮಣ್ಣಿನ ಮೇಲೆ ಹಾಸಿದೆ. ಗಂಡು ಕೂಗುವುದನ್ನೇ ಬಿಟ್ಟಿದೆ. ನಾನೇ ಅದರ ಹಾಗೆ ಕೂಗಿ ನೋಡಿದೆ... ಯಾರಾದರೂ ಕಂಡಿದ್ದರೆ ನಗುತ್ತಿದ್ದರು.

ಏಪ್ರಿಲ್ 26

ಬರಲಿಲ್ಲ.

ಮೇ 18, ಭಾನುವಾರ

ಒಂದು ಎಲೆ ಸರಿದಿತ್ತು. ಗಾಜಿಗೆ ತಾಗಿದಂತೆ, ಮಣ್ಣಿನಲ್ಲಿ, ನೆನೆಸಿದ ಸಬ್ಬಕ್ಕಿಯಂಥವು. ಮೊಟ್ಟೆ! ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಹೇಳಿದರೆ ಮೊಟ್ಟೆಗಾಗಿ ಬರುತ್ತಾಳೆ, ನನಗಾಗಿ ಅಲ್ಲ. ಬರಲಿ. ಯಾವುದಕ್ಕಾದರೂ ಬರಲಿ. ಫೋಟೋ ಕಳಿಸಿದೆ.

ಮೇ 24, ಶನಿವಾರ

ಬಂದಳು. ಗಾಜಿಗೆ ಮೂಗು ಒತ್ತಿ ಎಷ್ಟೋ ಹೊತ್ತು ಕೂತಳು. ನಾನು ಪಕ್ಕದಲ್ಲಿ. ಒಂದು ಸಲ ನನ್ನ ಕಡೆ ತಿರುಗಿ ನಕ್ಕಳು ಕೂಡ.

ಆಮೇಲೆ —

"ಅಪ್ಪ, ನಾವು ಹೊಸ ಮನೆಗೆ ಮೂವ್ ಆದ್ವಲ್ಲ, ಅಲ್ಲಿ ಪೆಟ್ಸ್ ಓಕೆ. ಕ್ಯಾನ್ ಐ ಟೇಕ್ ದೆಮ್?"

"ತಗೊಂಡ್ಹೋಗಮ್ಮ. ನಿನ್ನವೇ ಅಲ್ವಾ."

ಬಾಯೇನೋ ಅಂದಿತು. ಟ್ಯಾಂಕು ನಾನೇ ಹೊತ್ತು ಮೈಥಿಲಿಯ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದೆ. "ಉಬ್ಬು ಬಂದ್ರೆ ನಿಧಾನ" ಎಂದೆ. ಮೈಥಿಲಿ ತಲೆಯಾಡಿಸಿದಳು.

ಜೂನ್ 3

ಮನೆ ಬಿಕೋ ಅನ್ನುತ್ತಿದೆ. ಟ್ಯಾಂಕು ಇದ್ದ ಮೇಜಿನ ಮೇಲೆ ಕಾಫಿ ಲೋಟ ಇಟ್ಟೆ. ಸರಿಹೋಗಲಿಲ್ಲ, ತೆಗೆದೆ.

ಜೂನ್ 17, ಮಂಗಳವಾರ, ಸಂಜೆ

ವಿಡಿಯೋ ಕಳಿಸಿದ್ದಾಳೆ. ಎಲೆಯ ಮೇಲೆ ಅಕ್ಕಿಕಾಳಿನಷ್ಟು ಕಪ್ಪೆ, ನಾಲ್ಕು ಕಾಲೂ ಇವೆ! ಗೊದಮೊಟ್ಟೆಯಾಗಿ ಈಜಿದ್ದೇ ಇಲ್ಲ. ಹುಟ್ಟುತ್ತಲೇ ತನ್ನ ಪಾಡಿಗೆ ತಾನು ಹಾರಿಹೋಯಿತು. ಹಿಂದೆ ಅವಳು ನಗುವುದು ಕೇಳಿಸುತ್ತದೆ.

ಮತ್ತೆ ಮತ್ತೆ ನೋಡಿದೆ. ಹೋಗಲು ನೆಪ ಹುಡುಕಿದೆ, ಯಾವುದೂ ಹೊಳೆಯಲಿಲ್ಲ. "ಕಪ್ಪೆ ಅಲ್ಲ ಪುಟ್ಟಿ, ನಿನ್ನನ್ನ ನೋಡ್ಬೇಕು ಅನ್ಸಿದೆ. ಬರ್ಲಾ?" — ಅಷ್ಟೇ ಬರೆದು ಕಳಿಸಿಬಿಟ್ಟೆ.

ಓದಿದ್ದಾಳೆ. ಏನೋ ಟೈಪ್ ಮಾಡುತ್ತಿದ್ದಾಳೆ. ನಿಲ್ಲಿಸಿದಳು. ಮತ್ತೆ ಟೈಪ್ —